‘ಆಳು ಸಿಗೋದಿಲ್ಲ’ ಅನ್ನುವ ಮೊದಲು

ಮೂರು ವರ್ಷದ ಹಿಂದಿನ ಮಾತು. ಜುಲೈ ಕೊನೆಯ ವಾರ. ಅಡಿಕೆಗೆ ಮೊದಲ ಮದ್ದು ಹೊಡೆದು ನಲವತ್ತೈದು ದಿನ ದಾಟಿತ್ತು. ಮಳೆ ಒಂದೆರಡು ದಿನ ಬಿಡುವು ಕೊಟ್ಟಿತ್ತು. ಮೈಲುತುತ್ತ, ಸುಣ್ಣ ಎಲ್ಲ ತಂದಿಟ್ಟು ಮರ ಹತ್ತಿ ಮದ್ದು ಹೊಡೆಯುವ ನಮ್ಮ ಕೊನೆಗೌಡರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಮರುದಿನವೂ ಸ್ವಿಚ್ ಆಫ್. ಮೂರನೇ ದಿನ ಗೊತ್ತಾಯಿತು, ಅವರು ನಮ್ಮಿಂದ ಎರಡೇ ತೋಟ ಆಚೆ ಮರದ ಮೇಲಿದ್ದಾರೆ ಅಂತ. ಆ ವರ್ಷ ನಮ್ಮ ತೋಟದಲ್ಲಿ ಕೊಳೆರೋಗ ಬಂದು ಎಳೆಯ ಮಿಳ್ಳೆಗಾಯಿ ಉದುರಿದ್ದು ನೋಡಿದರೆ ಹೊಟ್ಟೆ ಉರಿಯುತ್ತಿತ್ತು.

‘ಈಗಿನ ಆಳುಗಳಿಗೆ ನಿಯತ್ತೇ ಇಲ್ಲ’ ಅಂತ ನಾನು ಜಗಲಿಯಲ್ಲಿ ಕೂತು ಕೂಗಾಡುತ್ತಿದ್ದೆ. ಅಮ್ಮ ಒಳಗಿಂದಲೇ ಕೇಳಿದಳು, ‘ಕಳೆದ ವರ್ಷ ಹನ್ನೊಂದು ಗಂಟೆಗೆ ಮಳೆ ಬಂತು ಅಂತ ಅವನ ಅರ್ಧ ದಿನದ ಕೂಲಿ ಹಿಡಿದಿದ್ದೆಯಲ್ಲ, ನೆನಪಿದೆಯಾ?’

ನೆನಪಿರಲಿಲ್ಲ. ಅವರಿಗೆ ನೆನಪಿತ್ತು.

ನಾನು ಎರಡೂ ಕಡೆ ಇದ್ದವನು. ಕಾರವಾರದ ಒಂದು ಐಸ್ ಪ್ಲಾಂಟ್‌ನಲ್ಲಿ ಒಂಬತ್ತು ವರ್ಷ ಲೆಕ್ಕ ಬರೆದೆ. ಆಮೇಲೆ ಶಿರಸಿ ಹತ್ತಿರದ ಊರಿಗೆ ಬಂದು ಮನೆಯ ತೋಟ ನೋಡಿಕೊಂಡು, ಅಡಿಕೆ ಹಾಳೆಯ ತಟ್ಟೆ ಮಾಡುವ ಸಣ್ಣ ಘಟಕ ಹಾಕಿದೆ. ಈಗ ಅಲ್ಲಿ ಆರು ಜನ ಇದ್ದಾರೆ. ಸಂಬಳ ತೆಗೆದುಕೊಳ್ಳುವಾಗ ಏನು ಚುಚ್ಚುತ್ತಿತ್ತು ಅನ್ನುವುದು ಸಂಬಳ ಕೊಡುವ ಜಾಗಕ್ಕೆ ಬಂದ ಮೇಲೆ ಎಷ್ಟು ಬೇಗ ಮರೆತುಹೋಗುತ್ತದೆ ಅಂತ ನನಗೇ ಆಶ್ಚರ್ಯ. ಆ ಕೊಳೆ ಬಂದ ವರ್ಷದ ನಂತರ ನಾನು ಬದಲಿಸಿಕೊಂಡ ರೂಢಿಗಳನ್ನು ಇಲ್ಲಿ ಬರೆದಿದ್ದೇನೆ. ತೋಟ, ಅಂಗಡಿ, ಬೋಟು, ಹೋಮ್‌ಸ್ಟೇ, ಯಾವುದಕ್ಕೂ ಹೊಂದಿಸಿಕೊಳ್ಳಬಹುದು. ಕೆಲಸ ಮಾಡುವವರಿಗೂ ಇದರಲ್ಲಿ ಪಾಲಿದೆ, ಅದು ಮುಂದೆ ಬರುತ್ತದೆ.

ಮೊದಲನೆಯದು: ಮೊದಲ ದಿನವೇ ಮಾತಾಡಿ, ಬರೆದಿಡಿ

ನಮ್ಮ ಕಡೆ ಕೆಲಸಕ್ಕೆ ಕರೆಯುವ ರೀತಿ ಹೇಗೆ? ‘ನಾಳೆಯಿಂದ ಬಾ ಮಾರಾಯ, ಕೊಡೋದು ಕೊಡುವ.’ ಎಷ್ಟು ಅಂತ ಇಬ್ಬರೂ ಬಾಯಿ ಬಿಡುವುದಿಲ್ಲ. ಕೇಳಿದರೆ ದಾಕ್ಷಿಣ್ಯ, ಹೇಳಿದರೆ ಜಾಸ್ತಿ ಹೇಳಿಬಿಟ್ಟೆನೋ ಅನ್ನುವ ಹೆದರಿಕೆ. ಈ ದಾಕ್ಷಿಣ್ಯ ತಿಂಗಳ ಕೊನೆಗೆ ಜಗಳವಾಗಿ ಹೊರಗೆ ಬರುತ್ತದೆ.

ಒಂದು ಹಾಳೆ ಸಾಕು. ಕನ್ನಡದಲ್ಲೇ ಬರೆಯಿರಿ. ಏನು ಕೆಲಸ, ಎಷ್ಟು ಹೊತ್ತಿಗೆ ಶುರು, ಎಷ್ಟಕ್ಕೆ ಮುಗಿಯುತ್ತದೆ, ದಿನಕ್ಕೋ ತಿಂಗಳಿಗೋ ಎಷ್ಟು, ಯಾವ ತಾರೀಕಿಗೆ ಕೈಗೆ ಬರುತ್ತದೆ, ಊಟ ಚಹಾ ಯಾರದ್ದು, ಬಸ್ ಚಾರ್ಜು ಯಾರದ್ದು, ರಜೆ ಎಷ್ಟು. ಜೊತೆಗೆ ನಮ್ಮ ಜಿಲ್ಲೆಗೆ ಬೇಕೇ ಬೇಕಾದ ಒಂದು ಸಾಲು: ಮಳೆ ಬಂದು ಕೆಲಸ ನಿಂತರೆ ಏನು? ನಾನು ಈಗ ಹೀಗೆ ಬರೆಯುತ್ತೇನೆ: ‘ಕೆಲಸಕ್ಕೆ ಬಂದು ಒಂದು ಗಂಟೆಯೊಳಗೆ ಮಳೆಯಿಂದ ನಿಂತರೆ ಅರ್ಧ ದಿನದ ಕೂಲಿ. ಅದಕ್ಕಿಂತ ಮೇಲಾದರೆ ಪೂರ್ತಿ ಕೂಲಿ, ಉಳಿದ ಹೊತ್ತಿಗೆ ಸೂರಿನ ಕೆಳಗೆ ಆಗುವ ಕೆಲಸ.’ ಅಡಿಕೆ ಆರಿಸುವುದು, ಹಾಳೆ ಒಟ್ಟುವುದು, ದೋಟಿ (ನೆಲದಿಂದಲೇ ಕೆಲಸ ಮಾಡುವ ಉದ್ದ ಕೋಲು) ಕಟ್ಟುವುದು, ಇಂಥದ್ದು ಮಳೆಗಾಲದಲ್ಲಿ ಯಾವ ಮನೆಯಲ್ಲಿ ಇರುವುದಿಲ್ಲ ಹೇಳಿ?

ಓದಲು ಬಾರದವರಿದ್ದರೆ ಗಟ್ಟಿಯಾಗಿ ಓದಿ ಹೇಳಿ. ಅವರ ಮನೆಯ ಓದುವ ಹುಡುಗನೋ ಹುಡುಗಿಯೋ ಎದುರಿಗಿದ್ದರೆ ಇನ್ನೂ ಒಳ್ಳೆಯದು. ಇಬ್ಬರ ಸಹಿ ಹಾಕಿ ಇಬ್ಬರ ಹತ್ತಿರವೂ ಒಂದೊಂದು ಪ್ರತಿ ಇರಲಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ನೇಮಕಾತಿ ಪತ್ರ ಕೊಡಬೇಕು ಅನ್ನುವುದೂ ಸೇರಿದೆ. ಅಂಗಡಿ, ಘಟಕ ನಡೆಸುವವರು ‘ನಮ್ಮದು ಸಣ್ಣದು’ ಅಂತ ತಪ್ಪಿಸಿಕೊಳ್ಳದೆ ಬರೆದುಕೊಡುವುದು ಒಳ್ಳೆಯದು.

ಇನ್ನೊಂದು. ಒಂದೇ ಕೆಲಸಕ್ಕೆ ಗಂಡಸಿಗೆ ಒಂದು ಕೂಲಿ, ಹೆಂಗಸಿಗೆ ಒಂದು ಕೂಲಿ ಅಂತ ಬರೆಯಲು ಹೋದಾಗ ಪೆನ್ನು ತಾನಾಗಿಯೇ ತಡೆಯುತ್ತದೆ. ಬಾಯಿಮಾತಲ್ಲಿ ಅದು ಸಲೀಸಾಗಿ ನಡೆದುಹೋಗುತ್ತದೆ. ಸಮಾನ ಕೆಲಸಕ್ಕೆ ಸಮಾನ ವೇತನ ಅನ್ನುವ ಕಾಯ್ದೆ ಬಂದಿದ್ದು 1976ರಲ್ಲಿ. ನಮ್ಮ ಘಟಕದಲ್ಲಿ ಪ್ರೆಸ್ಸಿನ ಮುಂದೆ ನಿಲ್ಲುವ ಮೂವರು ಹೆಂಗಸರ ಕೈಯಲ್ಲಿ ತಟ್ಟೆ ಕಡಿಮೆ ಹರಿಯುತ್ತದೆ, ಇದು ನನ್ನ ಕಣ್ಣಾರೆ ಕಂಡ ಲೆಕ್ಕ.

ಎರಡನೆಯದು: ಎರಡು ಪುಸ್ತಕ

ನನ್ನ ಅನುಭವದಲ್ಲಿ ಇದೇ ಎಲ್ಲದರ ಬೇರು. ಮಾಲೀಕನ ಹತ್ತಿರ ಮಾತ್ರ ಪುಸ್ತಕ ಇದ್ದಲ್ಲಿ ಅನುಮಾನ ಹುಟ್ಟಿಯೇ ಹುಟ್ಟುತ್ತದೆ. ಮಾಲೀಕ ಎಷ್ಟೇ ಒಳ್ಳೆಯವನಾಗಿರಲಿ.

ಐಸ್ ಪ್ಲಾಂಟ್‌ನಲ್ಲಿದ್ದಾಗ ನಾನೇ ಆ ಪುಸ್ತಕ ಬರೆಯುತ್ತಿದ್ದೆ. ಯಜಮಾನರು ಕೆಟ್ಟವರಲ್ಲ. ಆದರೆ ಶನಿವಾರ ಹುಡುಗರು ಬಂದು ‘ಎಷ್ಟಾಯ್ತು’ ಅಂತ ಕೇಳಿದರೆ ಪುಸ್ತಕ ಮುಚ್ಚಿ ‘ಇಷ್ಟಾಯ್ತು’ ಅಂತ ಹೇಳಿ ಕಳಿಸುತ್ತಿದ್ದರು. ತೋರಿಸಿದ್ದರೆ ಒಂದು ಪೈಸೆ ವ್ಯತ್ಯಾಸ ಇರುತ್ತಿರಲಿಲ್ಲ, ಬರೆದವನು ನಾನೇ ಅಲ್ವಾ. ತೋರಿಸದೆ ಇದ್ದದ್ದಕ್ಕೆ ಹುಡುಗರು ಹೊರಗೆ ಹೋಗಿ ಬೈದದ್ದು ನನ್ನನ್ನೂ ಸೇರಿಸಿಯೇ.

ಈಗ ನಮ್ಮಲ್ಲಿ ಹೀಗಿದೆ. ಪ್ರತಿಯೊಬ್ಬರ ಹೆಸರಿಗೂ ಎರಡು ಸಣ್ಣ ನೋಟ್‌ಬುಕ್. ಒಂದು ಅವರದ್ದು, ಒಂದು ನನ್ನದು. ಸಂಜೆ ಕೈಕಾಲು ತೊಳೆದು ಚಹಾ ಕುಡಿಯುವಾಗ ಎರಡನ್ನೂ ಪಕ್ಕ ಪಕ್ಕ ಇಟ್ಟು ದಿನ, ಕೆಲಸ, ಹಣ ಬರೆಯುವುದು. ಎರಡು ನಿಮಿಷದ ಕೆಲಸ. ಹೆಚ್ಚು ಹೊತ್ತು ನಿಂತಿದ್ದರೆ ಅದನ್ನೂ ಅಂದೇ ಬರೆಯಬೇಕು. ಹೆಚ್ಚುವರಿ ಕೆಲಸಕ್ಕೆ ಕಾನೂನು ಹೇಳುವುದು ಎರಡು ಪಟ್ಟು ದರ. ‘ಆಮೇಲೆ ನೋಡುವ’ ಅಂತ ಬಿಟ್ಟರೆ ಅದು ಇಬ್ಬರ ನೆನಪಿನಲ್ಲಿ ಎರಡು ಥರ ಉಳಿಯುತ್ತದೆ.

ಯುಪಿಐನಲ್ಲಿ ಕಳಿಸಿದರೂ ಪುಸ್ತಕ ಬಿಡಬೇಡಿ. ಫೋನು ಕಳೆಯುತ್ತದೆ, ನಂಬರು ಬದಲಾಗುತ್ತದೆ, ಒಂದೊಂದು ಮನೆಯಲ್ಲಿ ಫೋನು ಮಗನ ಕೈಯಲ್ಲಿರುತ್ತದೆ. ಹಣ ಮಗನಿಗೆ ಹೋಗಿ ದುಡಿದ ತಾಯಿಗೆ ಗೊತ್ತೇ ಇಲ್ಲದ್ದನ್ನೂ ನಾನು ನೋಡಿದ್ದೇನೆ. ಯಾರ ಖಾತೆಗೆ ಹಾಕಬೇಕು ಅಂತ ದುಡಿದವರನ್ನೇ ಕೇಳಿ.

ಬೋಟಿನವರಿಗೆ ಇದು ಇನ್ನೂ ಮುಖ್ಯ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟು ಬಂದು ಮೀನು ಇಳಿದ ಮೇಲೆ ಡೀಸೆಲ್, ಐಸು, ಪಡಿತರದ ಖರ್ಚು ತೆಗೆದು ಉಳಿದದ್ದರಲ್ಲಿ ಪಾಲು ಹಂಚುವ ಪದ್ಧತಿ ಇದ್ದಲ್ಲಿ ಜಗಳ ಶುರುವಾಗುವುದು ಪಾಲಿನಿಂದಲ್ಲ, ಆ ಖರ್ಚಿನ ಚೀಟಿಯಿಂದ. ಡೀಸೆಲ್ ಎಷ್ಟು ಲೀಟರ್ ಹೋಯಿತು ಅಂತ ಬೋಟು ನಡೆಸುವ ತಾಂಡೇಲನಿಗೆ ಸರಿಯಾಗಿ ಗೊತ್ತಿರುತ್ತದೆ. ಅವನಿಗೆ ಚೀಟಿ ತೋರಿಸದೆ ಒಟ್ಟು ಲೆಕ್ಕ ಮಾತ್ರ ಹೇಳಿದರೆ ಅವನ ಮುಖ ನೋಡಿ ಉಳಿದವರಿಗೆಲ್ಲ ಗೊತ್ತಾಗಿಬಿಡುತ್ತದೆ. ಚೀಟಿಗಳ ಫೋಟೋ ತೆಗೆದು ಬೋಟಿನವರ ವಾಟ್ಸಾಪ್ ಗುಂಪಿಗೆ ಹಾಕಿ. ಮೀನು ಹರಾಜಾದ ದರವನ್ನೂ ಹಾಕಿ. ನನಗೆ ಐಸ್ ಕೊಂಡುಹೋಗುತ್ತಿದ್ದ ಒಬ್ಬರು ಬೋಟು ಮಾಲೀಕರು ವಾಟ್ಸಾಪ್ ಬರುವ ಮೊದಲೇ ಚೀಟಿಗಳನ್ನು ಒಂದು ತಂತಿಗೆ ಸಿಕ್ಕಿಸಿ ಕ್ಯಾಬಿನ್ನಿನಲ್ಲೇ ತೂಗುಹಾಕುತ್ತಿದ್ದರು. ಯಾರು ಬೇಕಾದರೂ ನೋಡಲಿ ಅಂತ. ನೋಡಿದವರು ಕಡಿಮೆಯೇ.

ಸಂಬಳದ ತಾರೀಕು

ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕೊಡಬೇಕು. ಇದು ಕಾನೂನು. ಅದಕ್ಕಿಂತ ದೊಡ್ಡ ನಿಯಮ ನನ್ನದು ಒಂದಿದೆ: ಅವರು ಕೇಳುವಂತೆ ಮಾಡಬೇಡಿ. ತಮ್ಮ ದುಡ್ಡನ್ನು ತಾವು ಕೇಳಿ ಪಡೆಯುವಾಗ ಮನುಷ್ಯನಿಗೆ ಆಗುವ ಅವಮಾನ ಸಣ್ಣದಲ್ಲ. ಬಾಗಿಲ ಹತ್ತಿರ ಬಂದು, ತಲೆ ಕೆರೆದು, ಬೇರೇನೋ ಮಾತಾಡಿ, ಕೊನೆಗೆ ‘ಒಡೇರೆ, ಅದು...’ ಅನ್ನುವುದನ್ನು ನೋಡಿಲ್ವಾ ನೀವು?

ಅಡಿಕೆ ಮಾರಾಟವಾಗಿಲ್ಲ, ದುಡ್ಡು ಬಂದಿಲ್ಲ ಅನ್ನುವ ತಿಂಗಳು ಬರುತ್ತದೆ. ಬರುವುದು ಐದನೇ ತಾರೀಕಿಗೇ ಗೊತ್ತಿರುತ್ತದೆ. ಐದಕ್ಕೇ ಕರೆದು ಹೇಳಿ. ಇಂಥ ದಿನ ಅರ್ಧ, ಇಂಥ ದಿನ ಉಳಿದದ್ದು ಅಂತ ಹೇಳಿ, ಪುಸ್ತಕದಲ್ಲಿ ಬರೆಯಿರಿ. ಆದರೆ ಅದೇ ತಿಂಗಳು ಮನೆಯ ಮುಂದೆ ಹೊಸ ಬೈಕ್ ಬಂದು ನಿಂತರೆ ನಿಮ್ಮ ಮಾತು ಯಾರೂ ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ.

ಮುಂಗಡದ ಗಂಟು

ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಮ್ಮ ಜಿಲ್ಲೆಯಲ್ಲಿ ಮುಂಗಡ ಇಲ್ಲದ ಕೆಲಸವೇ ಇಲ್ಲ. ಕೊನೆಗೌಡರಿಗೆ ಚೌತಿಗೆ ಮೊದಲು ಮುಂಗಡ, ಬೋಟಿಗೆ ಹತ್ತುವ ಹುಡುಗರಿಗೆ ಸೀಸನ್ ಶುರುವಾಗುವ ಮೊದಲು ಮುಂಗಡ. ಕೊಡುವವನ ಲೆಕ್ಕ: ಮುಂಗಡ ಕೊಟ್ಟರೆ ಇವನು ಬೇರೆ ಕಡೆ ಹೋಗಲಾರ. ತೆಗೆದುಕೊಳ್ಳುವವನ ಲೆಕ್ಕ: ಮಗಳ ಮದುವೆ, ಆಸ್ಪತ್ರೆ, ಹೆಂಚು ಹೊದಿಸುವುದು.

ಸಾಲ ಕೊಟ್ಟು ಆಳನ್ನು ಕಟ್ಟಿಹಾಕುವುದು 1976ರ ಜೀತ ಪದ್ಧತಿ ನಿರ್ಮೂಲನೆ ಕಾಯ್ದೆ ಪ್ರಕಾರ ಅಪರಾಧ. ‘ನನ್ನ ದುಡ್ಡು ತೀರಿಸಿ ಆಮೇಲೆ ಹೋಗು’ ಅಂತ ತಡೆದು ಕೂರಿಸಿಕೊಂಡರೆ ಅದು ಅಲ್ಲಿಗೇ ಹೋಗಿ ನಿಲ್ಲುತ್ತದೆ. ಕೆಲವರಿಗೆ ಇದು ಹೇಳಿದರೆ ಸಿಟ್ಟು ಬರುತ್ತದೆ, ‘ನಾವೇನು ಜೀತಕ್ಕೆ ಇಟ್ಟುಕೊಂಡಿದ್ದೇವಾ’ ಅಂತ. ಇರಲಿ. ಕಾನೂನು ಬದಿಗಿಟ್ಟು ನೋಡಿದರೂ ಸಾಲಕ್ಕೆ ಕಟ್ಟಿಬಿದ್ದವನ ಕೈಯಿಂದ ಕೆಲಸ ಹೇಗೆ ಬರುತ್ತದೆ ಅಂತ ಎಲ್ಲರಿಗೂ ಗೊತ್ತಿದೆ.

ನಾನು ಪಾಲಿಸುವುದು ಇಷ್ಟು. ಮುಂಗಡ ಎರಡು ತಿಂಗಳ ದುಡಿಮೆಗಿಂತ ಜಾಸ್ತಿ ಕೊಡುವುದಿಲ್ಲ. ಬಡ್ಡಿ ಇಲ್ಲ. ಪ್ರತಿ ತಿಂಗಳು ಎಷ್ಟು ಹಿಡಿಯುವುದು ಅಂತ ಕೊಡುವ ದಿನವೇ ಇಬ್ಬರೂ ಸೇರಿ ಗೊತ್ತುಮಾಡಿ ಬರೆಯುತ್ತೇವೆ. ಸಂಬಳದಿಂದ ಒಟ್ಟು ಕಡಿತ ಅರ್ಧಕ್ಕಿಂತ ಹೆಚ್ಚಾಗಬಾರದು ಅಂತ ಕಾನೂನಿದೆ. ನಾನು ಕಾಲುಭಾಗ ದಾಟುವುದಿಲ್ಲ, ಅರ್ಧ ಹಿಡಿದರೆ ಮನೆ ನಡೆಯುವುದು ಹೇಗೆ? ಕೆಲಸ ಬಿಟ್ಟು ಹೋಗುವವರಿಗೆ ಬಾಕಿ ತೀರಿಸಲು ಆರು ತಿಂಗಳು ಸಮಯ. ಒಬ್ಬರು ತೀರಿಸಲಿಲ್ಲ. ಹೋಯಿತು. ಕೊಳೆಯಿಂದ ಆದ ನಷ್ಟದ ಮುಂದೆ ಅದು ಏನೂ ಅಲ್ಲ.

ಆಸ್ಪತ್ರೆಯ ಖರ್ಚಿಗೆ ಕೊಡುವುದನ್ನು ಮುಂಗಡದ ಜೊತೆ ಸೇರಿಸಬೇಡಿ. ಸಹಾಯ ಅಂದರೆ ಸಹಾಯ, ಸಾಲ ಅಂದರೆ ಸಾಲ. ಕೊಡುವಾಗ ಸಹಾಯ ಅಂದು, ಜಗಳವಾದಾಗ ಅದನ್ನು ಸಾಲ ಮಾಡುವುದು ನಮ್ಮಲ್ಲಿ ಬಹಳ ಇದೆ.

ಕರೆಯುವುದು, ಕೂರಿಸುವುದು, ಉಣ್ಣಿಸುವುದು

ಏಕವಚನ ತಪ್ಪಲ್ಲ. ಹಾಲಕ್ಕಿ ಸಮುದಾಯದ ಅಜ್ಜಿ ನನ್ನನ್ನು ‘ನೀನು’ ಅನ್ನುತ್ತಾಳೆ, ನಾನೂ ಆಕೆಗೆ ‘ನೀನು’ ಅನ್ನುತ್ತೇನೆ, ಅದರಲ್ಲಿ ಇರುವ ಸಲುಗೆ ಬೇರೆ. ಆದರೆ ಬೆಂಗಳೂರಿನಿಂದ ರಜೆಗೆ ಬಂದ ಇಪ್ಪತ್ತರ ಹುಡುಗ ಅರವತ್ತು ದಾಟಿದ ಗೌಡರಿಗೆ ‘ಏ, ಎಳನೀರು ಕೊಯ್ಯೋ’ ಅನ್ನುತ್ತಾನಲ್ಲ, ಅದು ಬೇರೆ. ಪರೀಕ್ಷೆ ಸುಲಭ: ಅವರು ಅದೇ ಧಾಟಿಯಲ್ಲಿ ನಿಮಗೆ ತಿರುಗಿ ಮಾತಾಡಿದರೆ ನಿಮಗೆ ಸರಿಯಾಗುತ್ತದಾ? ಆಗುವುದಿಲ್ಲ ಅಂದರೆ ನೀವೂ ಹಾಗೆ ಮಾತಾಡಬೇಡಿ. ಮನೆಯ ಮಕ್ಕಳಿಗೆ ಮೊದಲು ಕಲಿಸಿ.

ಲೋಟದ ವಿಷಯ ಬರೆಯದೆ ಇದ್ದರೆ ಈ ಲೇಖನ ಸುಳ್ಳಾಗುತ್ತದೆ. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಕೆಲಸದವರ ಲೋಟ, ಬಟ್ಟಲು ಬೇರೆ ಇರುತ್ತಿತ್ತು, ಹೊರಗೆ ಕಟ್ಟೆಯ ಮೇಲೆ ಕವುಚಿಟ್ಟಿರುತ್ತಿತ್ತು. ನಮ್ಮ ಮನೆಯಲ್ಲೂ ಇತ್ತು. ಅಸ್ಪೃಶ್ಯತೆ ಕಾನೂನಿನ ಎದುರು ಅಪರಾಧವಾಗಿ ದಶಕಗಳೇ ಕಳೆದವು, ಆ ಲೋಟ ಒಳಗೆ ಬರಲು ನಮ್ಮ ಮನೆಯಲ್ಲಿ ಅಜ್ಜಿ ತೀರಿಕೊಳ್ಳಬೇಕಾಯಿತು. ಇನ್ನೂ ಎಲ್ಲಾದರೂ ಉಳಿದಿದ್ದರೆ ನಾಳೆ ಬೆಳಿಗ್ಗೆಯೇ ತೆಗೆದುಬಿಡಿ, ಯಾರಿಗೂ ಏನೂ ಹೇಳದೆ. ಆ ಲೋಟ ಹೊರಗಿರುವ ತನಕ ಕೂಲಿ ಎಷ್ಟು ಏರಿಸಿದರೂ ಉಪಯೋಗವಿಲ್ಲ.

ಹೆಂಗಸರು ಕೆಲಸ ಮಾಡುವ ಜಾಗದಲ್ಲಿ ಚಿಲಕ ಹಾಕುವ ಶೌಚಾಲಯ ಇದೆಯಾ ನೋಡಿ. ಮಳೆಯಲ್ಲಿ ನೆನೆದು ಬಂದವರಿಗೆ ಸೀರೆ ಬದಲಿಸಲು ಒಂದು ಮರೆ ಇದೆಯಾ? ಅಡಿಕೆ ಸುಲಿಯುವವರು ಮೆಟ್ಟುಗತ್ತಿಯ ಮುಂದೆ ರಾತ್ರಿ ತನಕ ಕೂರುತ್ತಾರೆ, ಬೆನ್ನಿಗೆ ಆನಿಕೆ, ತಲೆ ಮೇಲೆ ಸರಿಯಾದ ಬಲ್ಬು ಇದೆಯಾ? ಇದಕ್ಕೆಲ್ಲ ಖರ್ಚು ಎಷ್ಟಾದೀತು?

ದೂರದಿಂದ ಬಂದವರನ್ನು ‘ಏ ಹಿಂದಿ’ ಅಂತ ಕರೆಯುವುದು ಬಿಡಿ. ಬಂದರಿನಲ್ಲಿ ಒಡಿಶಾ, ಜಾರ್ಖಂಡಿನ ಹುಡುಗರು ಇದ್ದಾರೆ, ಅವರಿಗೂ ಹೆಸರಿದೆ. ಅವರ ಮನೆಯವರ ಫೋನ್ ನಂಬರು ನಿಮ್ಮ ಪುಸ್ತಕದ ಮೊದಲ ಪುಟದಲ್ಲಿರಲಿ. ಏನಾದರೂ ಆದರೆ ಯಾರಿಗೆ ಹೇಳುತ್ತೀರಿ?

ಜೀವದ ವಿಷಯ

ಮರ ಹತ್ತುವವನು ಬಿದ್ದರೆ, ಬೋಟಿನಿಂದ ಕಡಲಿಗೆ ಹೋದವನು ಬರದಿದ್ದರೆ, ಅಲ್ಲಿಗೆ ಎಲ್ಲ ಲೆಕ್ಕ ಮುಗಿಯುತ್ತದೆ. ಹಾಗಾಗಿ ಇದನ್ನು ಸೀಸನ್ ಶುರುವಾಗುವ ಮೊದಲೇ ಮಾಡಿ.

ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ವಯಸ್ಸು 18ರಿಂದ 70. ಜೀವನ ಜ್ಯೋತಿ ಯೋಜನೆಗೆ ವರ್ಷಕ್ಕೆ 436 ರೂಪಾಯಿ, ಯಾವ ಕಾರಣಕ್ಕೆ ಸತ್ತರೂ 2 ಲಕ್ಷ, ಸೇರುವ ವಯಸ್ಸು 18ರಿಂದ 50. ಎರಡೂ ಬ್ಯಾಂಕ್ ಖಾತೆಯಿಂದಲೇ ಕಡಿತವಾಗುತ್ತವೆ. ಎರಡರ ವರ್ಷವೂ ಜೂನ್ 1ರಿಂದ ಮೇ 31. ನಮ್ಮ ಮಳೆಗಾಲದ ಕ್ಯಾಲೆಂಡರಿಗೆ ಹೇಳಿ ಮಾಡಿಸಿದ ಹಾಗಿದೆ. ಮೇ ತಿಂಗಳಲ್ಲಿ ನಿಮ್ಮ ಕೆಲಸದವರ ಖಾತೆಗೆ 456 ರೂಪಾಯಿ ನೀವೇ ಹಾಕಿ, ಕಡಿತವಾಯಿತಾ ಅಂತ ಜೂನ್ ಮೊದಲ ವಾರ ಪಾಸ್‌ಬುಕ್ ನೋಡಿ. ಖಾತೆಯಲ್ಲಿ ದುಡ್ಡಿಲ್ಲದೆ ವಿಮೆ ನಿಂತುಹೋದದ್ದು ಗೊತ್ತಾಗುವುದು ಬಿದ್ದ ಮೇಲೆಯೇ. ಅಸಂಘಟಿತ ಕಾರ್ಮಿಕರ ನೋಂದಣಿಯ ಇ-ಶ್ರಮ್ ಕಾರ್ಡ್ ಮಾಡಿಸಲು ಒಂದು ದಿನ ಪೂರ್ತಿ ಕೂಲಿ ಕೊಟ್ಟು ಕಳಿಸಿ.

ಹತ್ತು ಜನರಿದ್ದರೆ ಇಎಸ್‌ಐ (ಕಾರ್ಮಿಕರ ವಿಮೆ), ಇಪ್ಪತ್ತು ಜನರಿದ್ದರೆ ಪಿಎಫ್ (ಭವಿಷ್ಯ ನಿಧಿ) ಬರುತ್ತದೆ. ಹತ್ತೊಂಬತ್ತಕ್ಕೇ ನಿಲ್ಲಿಸಿ ಇಪ್ಪತ್ತನೆಯವನ ಹೆಸರು ಬರೆಯದೆ ಇರುವ ಜಾಣತನ ಕೆಲವರಿಗಿದೆ. ಆ ಇಪ್ಪತ್ತನೆಯವನಿಗೆ ಅದು ಗೊತ್ತಿಲ್ಲ ಅಂದುಕೊಂಡಿದ್ದಾರೆ, ಪಾಪ.

ಮದ್ದು ಹೊಡೆಯುವಾಗ ಕನ್ನಡಕ, ಕೈಗವಸು ಕೊಡಿ. ‘ಅವರು ಹಾಕಿಕೊಳ್ಳೋದಿಲ್ಲ’ ಅಂತ ಎಲ್ಲರೂ ಹೇಳುತ್ತಾರೆ. ನಾನು ಎರಡು ಥರ ತಂದು ‘ಯಾವುದು ಆಗುತ್ತೆ ನೋಡಿ’ ಅಂತ ಕೇಳಿದೆ. ಒಂದು ಆಯಿತು. ಮರ ಒದ್ದೆ ಇದೆ, ಇವತ್ತು ಹತ್ತುವುದಿಲ್ಲ ಅಂತ ಗೌಡರು ಅಂದರೆ ಅಲ್ಲಿಗೆ ಮಾತು ಮುಗಿಯಿತು. ಆ ತೀರ್ಮಾನ ಅವರದ್ದು. ಫೈಬರ್ ದೋಟಿ ಬಂದ ಮೇಲೆ ಎಷ್ಟೋ ಕೆಲಸ ನೆಲದಿಂದಲೇ ಆಗುತ್ತಿದೆ, ಕೊಳ್ಳುವ ಶಕ್ತಿ ಇಲ್ಲದಿದ್ದರೆ ನಾಲ್ಕು ಮನೆ ಸೇರಿ ಕೊಳ್ಳಬಹುದು.

ತಪ್ಪಾದಾಗ

ಕರೆದು, ಒಬ್ಬರೇ ಇದ್ದಾಗ, ಅದೇ ದಿನ ಹೇಳಿ. ಹಳೆಯದನ್ನು ಎತ್ತಬೇಡಿ.

ಕಳ್ಳತನದ ಅನುಮಾನ ಬಂದರೆ ಒಂದು ರಾತ್ರಿ ಕಾಯಿರಿ. ನನ್ನ ಮೇಲೊಮ್ಮೆ ಕಾರವಾರದಲ್ಲಿ ಬಂದಿತ್ತು. ನಾಲ್ಕು ಸಾವಿರ ಕಾಣೆ. ನಾಲ್ಕು ಜನರ ಎದುರು ಯಜಮಾನರು ‘ನೀನೇ ಅಲ್ವಾ ಎಣಿಸಿದ್ದು’ ಅಂದರು. ಎರಡು ದಿನದ ಮೇಲೆ ಅವರ ಪ್ಯಾಂಟಿನ ಜೇಬಿನಲ್ಲೇ ಸಿಕ್ಕಿತು. ಹಣ ಸಿಕ್ಕಿದ್ದನ್ನು ನನ್ನೊಬ್ಬನಿಗೇ ಹೇಳಿದರು, ನಗುತ್ತಾ. ಆ ನಾಲ್ಕು ಜನರಿಗೆ ಹೇಳಲಿಲ್ಲ. ನಾನು ಮತ್ತೂ ಎರಡು ವರ್ಷ ಅಲ್ಲಿದ್ದೆ, ಆದರೆ ಐದೂವರೆಗೆ ಸರಿಯಾಗಿ ಎದ್ದು ಬರುತ್ತಿದ್ದೆ. ಮೊದಲು ಲೋಡು ಮುಗಿಯುವ ತನಕ ಇರುತ್ತಿದ್ದವನು. ಎದುರಿಗೆ ಬೈದಿದ್ದರೆ ಕ್ಷಮೆಯನ್ನೂ ಎದುರಿಗೇ ಕೇಳಬೇಕು.

ಈಗ ಕೆಲಸ ಮಾಡುವವರಿಗೆ

ಉಂಡ ಮನೆಗೆ ಎರಡು ಬಗೆಯಬೇಡ ಅನ್ನುವ ಮಾತನ್ನು ಮಾಲೀಕರು ಬೇಕಾದಷ್ಟು ಬಳಸಿಕೊಂಡಿದ್ದಾರೆ, ನಾನು ಅದನ್ನು ಮತ್ತೆ ಹೇಳುವುದಿಲ್ಲ. ನೀವು ಉಂಡದ್ದು ನಿಮ್ಮ ದುಡಿಮೆಯದ್ದು. ಆದರೂ ಕೆಲವು ವಿಷಯ ಇದೆ.

ಒಂದೇ ವಾರಕ್ಕೆ ಎರಡು ಮನೆಯ ಮುಂಗಡ ಹಿಡಿಯಬೇಡಿ. ಹಿಡಿದಿದ್ದರೆ ಫೋನ್ ಆಫ್ ಮಾಡಬೇಡಿ. ‘ಈ ವಾರ ಆಗೋದಿಲ್ಲ, ಬೇರೆಯವರನ್ನು ನೋಡಿ’ ಅಂತ ಒಂದು ಮಾತು ಬಂದಿದ್ದರೆ ನಾನು ಆ ವರ್ಷ ದೋಟಿಯವರನ್ನಾದರೂ ಕರೆಯುತ್ತಿದ್ದೆ. ಬರುವುದಿಲ್ಲ ಅನ್ನುವುದು ತಪ್ಪಲ್ಲ. ಹೇಳದೆ ಇರುವುದೇ ತೊಂದರೆ.

ಜಾತ್ರೆ, ಹಬ್ಬದ ರಜೆ ಮೊದಲೇ ಹೇಳಿ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅಂಕೋಲೆಯ ಬಂಡಿಹಬ್ಬ ವರ್ಷಕ್ಕೊಮ್ಮೆ, ಸುಗ್ಗಿ ಕುಣಿತ ಇದ್ದರೆ ಹಾಲಕ್ಕಿ ಕೇರಿಯಿಂದ ಒಬ್ಬರೂ ಬರುವುದಿಲ್ಲ. ಬರಲೂಬಾರದು. ಮಾಲೀಕರು ಆ ದಿನಗಳನ್ನು ತಮ್ಮ ಕ್ಯಾಲೆಂಡರಿನಲ್ಲೇ ಗುರುತು ಹಾಕಿಟ್ಟುಕೊಂಡರೆ ಕೇಳುವ ಪ್ರಸಂಗವೇ ಇಲ್ಲ. ರಾತ್ರಿ ಪೂರ್ತಿ ಯಕ್ಷಗಾನದ ಆಟ ನೋಡಿ ಬೆಳಿಗ್ಗೆ ಮರ ಹತ್ತಲು ಬರಬೇಡಿ, ಇದು ಮಾತ್ರ ಕೈಮುಗಿದು ಕೇಳುವುದು. ಮಧ್ಯಾಹ್ನ ಬನ್ನಿ.

ಕೂಲಿ ಏರಿಸಿ ಅಂತ ಕೇಳುವುದಕ್ಕೆ ನಾಚಿಕೆ ಬೇಡ. ಕೊಯ್ಲಿನ ನಡುವೆ, ಅರ್ಧ ತೋಟ ಇಳಿದ ಮೇಲೆ ಕೇಳಿದರೆ ಕೊಡುವವನು ಹಲ್ಲು ಕಚ್ಚಿ ಕೊಡುತ್ತಾನೆ, ಮುಂದಿನ ವರ್ಷ ನಿಮ್ಮನ್ನು ಕರೆಯುವುದಿಲ್ಲ. ಸೀಸನ್ ಶುರುವಾಗುವ ಮೊದಲು ಹೋಗಿ ಕೂತು ಕೇಳಿ. ‘ಅಕ್ಕಿ ಇಷ್ಟಾಗಿದೆ, ಬಸ್ ಚಾರ್ಜು ಇಷ್ಟಾಗಿದೆ, ಬೇರೆ ಕಡೆ ಇಷ್ಟು ಕೊಡುತ್ತಾರೆ’ ಅಂತ ಲೆಕ್ಕ ಹೇಳಿ. ನಿಮ್ಮ ಪುಸ್ತಕ ನಿಮ್ಮ ಹತ್ತಿರ ಇರಲಿ, ಅವರು ಕೊಡದಿದ್ದರೆ ನೀವೇ ಒಂದು ಕೊಂಡುಕೊಳ್ಳಿ.

ಒಂದು ಮನೆಯ ಜಗಳ ಇನ್ನೊಂದು ಮನೆಯ ಚಹಾದ ಜೊತೆ ಬಡಿಸಬೇಡಿ. ಕೇಳುವಾಗ ಆ ಮನೆಯವರಿಗೆ ಖುಷಿಯಾಗುತ್ತದೆ, ನೀವು ಹೋದ ಮೇಲೆ ‘ನಮ್ಮದೂ ಹೇಳ್ತಾನೆ’ ಅಂತ ಮಾತಾಡಿಕೊಳ್ಳುತ್ತಾರೆ.

ಕೆಲಸ ಇಲ್ಲದ ತಿಂಗಳು

ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡ ಸೇರುತ್ತವೆ, ಹುಡುಗರು ಊರಿಗೆ ಹೋಗುತ್ತಾರೆ. ಆಗಸ್ಟ್‌ನಲ್ಲಿ ಯಾರು ಯಾರ ಬೋಟಿಗೆ ವಾಪಸ್ ಬರುತ್ತಾರೆ ಅನ್ನುವುದು ಈ ಎರಡು ತಿಂಗಳಲ್ಲಿ ತೀರ್ಮಾನವಾಗುತ್ತದೆ. ಬಲೆ ರಿಪೇರಿ, ಬಣ್ಣ, ಎಂಜಿನ್ ಕೆಲಸ ಇದ್ದರೆ ಊರಿನವರನ್ನೇ ಮೊದಲು ಕರೆಯಿರಿ. ದೂರ ಹೋದವರಿಗೆ ಒಂದು ಫೋನ್ ಮಾಡಿ. ಕೆಲಸದ ಮಾತು ಬೇಡ, ಸುಮ್ನೆ ‘ನಿಮ್ಮಲ್ಲಿ ಮಳೆ ಹೇಗೆ, ಅಮ್ಮ ಹೇಗಿದ್ದಾರೆ’ ಅಂತ ಕೇಳಿ. ಜುಲೈ 30ಕ್ಕೆ ಮೊದಲ ಸಲ ಫೋನ್ ಮಾಡಿದರೆ ಅದು ಯಾಕೆ ಅಂತ ಅವರಿಗೂ ಗೊತ್ತು.

ಬಿಟ್ಟು ಹೋಗುವ ದಿನ

ಒಬ್ಬರನ್ನು ಕಳಿಸುವ ರೀತಿಯನ್ನು ಉಳಿದವರೆಲ್ಲ ಬಾಗಿಲ ಹಿಂದಿನಿಂದ ನೋಡುತ್ತಿರುತ್ತಾರೆ. ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೊಡಬೇಕು ಅಂತ ಹೊಸ ವೇತನ ಸಂಹಿತೆ ಹೇಳುತ್ತದೆ. ಅವರು ಕೇಳದಿದ್ದರೂ ಒಂದು ಅನುಭವ ಪತ್ರ ಬರೆದುಕೊಡಿ.

ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಐದು ವರ್ಷ ಮುಗಿಸಿದವರಿಗೆ ಬಿಡುವಾಗ ಗ್ರಾಚ್ಯುಟಿ, ಅಂದರೆ ದುಡಿದ ವರ್ಷಗಳ ಲೆಕ್ಕದ ಇಡಿಗಂಟು, ಕೊಡಬೇಕು. ಲೆಕ್ಕ ಸುಲಭ: ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಎಷ್ಟು ವರ್ಷವೋ ಅಷ್ಟರಿಂದ ಗುಣಿಸಿ. 15,000 ರೂಪಾಯಿ ಇದ್ದು ಎಂಟು ವರ್ಷ ದುಡಿದವರಿಗೆ ಸುಮಾರು 69,230 ರೂಪಾಯಿ ಆಗುತ್ತದೆ.

ನಮ್ಮಲ್ಲಿ ಆರೇ ಜನ, ಕಾನೂನು ನನ್ನನ್ನು ಕೇಳುವುದಿಲ್ಲ. ಆದರೂ ಹಾಕಿ ನೋಡಿದೆ. 15,000ದ ಸಂಬಳಕ್ಕೆ ತಿಂಗಳಿಗೆ ಸುಮಾರು 720 ರೂಪಾಯಿ ಬದಿಗಿಟ್ಟರೆ ಸಾಕಾಗುತ್ತದೆ. ಅಂಚೆ ಕಚೇರಿಯಲ್ಲಿ ಅವರ ಹೆಸರಿಗೇ ಆರ್‌ಡಿ ಮಾಡಿಸಿ, ಪಾಸ್‌ಬುಕ್ ಅವರ ಕೈಗೇ ಕೊಟ್ಟಿದ್ದೇನೆ. ‘ನಡುವೆ ಮುರಿಸಿ ಖರ್ಚು ಮಾಡಿದರೆ?’ ಅಂತ ಭಾವ ಕೇಳಿದ. ಮಾಡಲಿ, ಅವರ ದುಡ್ಡು.

ಆ ಕೊನೆಗೌಡರ ಮನೆಗೆ ಮರುವರ್ಷ ಮೇ ತಿಂಗಳಲ್ಲಿ ನಾನೇ ಹೋಗಿದ್ದೆ. ಹಿಡಿದಿದ್ದ ಅರ್ಧ ದಿನದ ಕೂಲಿ ಮೊದಲು ಕೈಯಲ್ಲಿಟ್ಟೆ. ಅವರು ಎಣಿಸಿ ಜೇಬಿಗೆ ಹಾಕಿಕೊಂಡರು, ಏನೂ ಅನ್ನಲಿಲ್ಲ. ಅವರ ಹೆಂಡತಿ ಚಹಾ ತಂದುಕೊಟ್ಟರು. ಮದ್ದಿನ ತಾರೀಕು ಮಾತಾಡಿ ಎರಡು ಪುಸ್ತಕದಲ್ಲೂ ಬರೆದೆವು. ಹೊರಡುವಾಗ ಅಂಗಳಕ್ಕೆ ಬಂದು, ‘ಈ ಸಲ ಸುಣ್ಣ ಒಳ್ಳೆದು ತನ್ನಿ ಒಡೇರೆ, ಆ ವರ್ಷದ್ದು ಬರೀ ಕಲ್ಲು’ ಅಂದರು.